ಪರಭಾಷೆಯಲ್ಲಿ ಎಂಜಿನಿಯರಿಂಗ್ ವಿದ್ಯೆ: ಮೆಯಿಜಿ ಕಾಲದ ಜಪಾನೀ ವಿದ್ಯಾರ್ಥಿಗಳು ಮತ್ತು ಇಂಗ್ಲಿಷ್

ತನ್ನದಲ್ಲದ ಭಾಷೆಯಲ್ಲಿ ಶಾಸ್ತ್ರವನ್ನು ಕಲಿಯುವ ವಿದ್ಯಾರ್ಥಿಯು ಎರಡು ಹೊರೆಗಳನ್ನು ಏಕಕಾಲದಲ್ಲಿ ಹೊರಬೇಕಾಗುತ್ತದೆ. ಒಂದು ಶಾಸ್ತ್ರದ್ದು, ಇನ್ನೊಂದು ಭಾಷೆಯದು. ಉಪನ್ಯಾಸವನ್ನು ಕೇಳುತ್ತಲೇ ಟಿಪ್ಪಣಿ ಬರೆದುಕೊಳ್ಳುವುದು, ಗ್ರಂಥವನ್ನು ಓದಿ ಅದರ ಸಾರವನ್ನು ಸಂಗ್ರಹಿಸುವುದು, ಪ್ರಯೋಗದ ಫಲವನ್ನು ವರದಿಯಾಗಿ ನಿರೂಪಿಸುವುದು, ಅರ್ಥವಾಗದುದನ್ನು ಅಧ್ಯಾಪಕರ ಮುಂದೆ ಕೇಳುವುದು, ಇವೆಲ್ಲ ಮಾತೃಭಾಷೆಯಲ್ಲಿಯೇ ಅಭ್ಯಾಸದಿಂದ ಬರತಕ್ಕ ಕೆಲಸಗಳು. ಪರಭಾಷೆಯಲ್ಲಿ ಇವುಗಳ ಕಷ್ಟ ಇಮ್ಮಡಿಯಾಗುತ್ತದೆ. ವಿದೇಶಗಳಿಗೆ ಹೋಗುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ಇಂದು ಅನೇಕ ವಿಶ್ವವಿದ್ಯಾನಿಲಯಗಳು ಪ್ರತ್ಯೇಕ ಭಾಷಾ ತರಗತಿಗಳನ್ನು ನಡೆಸುತ್ತಿವೆ. ಆದರೆ ಈ ಸಮಸ್ಯೆ ಇಂದಿನದಲ್ಲ. ಅದನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಎದುರಿಸಿ, ತನ್ನದೇ ಆದ ಪರಿಹಾರವನ್ನು ಕಂಡುಕೊಂಡ ದೇಶ ಜಪಾನು. ಆ ಪ್ರಯತ್ನದ ಚರಿತ್ರೆಯನ್ನು ಸ್ಥೂಲವಾಗಿ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಈ ಚರಿತ್ರೆ ಒಂದು ಕಾನೂನುಭಂಗದಿಂದ ಆರಂಭವಾಗುತ್ತದೆ. ಜಪಾನೀ ಪ್ರಜೆಗಳು ದೇಶವನ್ನು ಬಿಟ್ಟುಹೋಗುವುದು ಮರಣದಂಡನೆಗೆ ಅರ್ಹವಾದ ಅಪರಾಧವಾಗಿದ್ದ ಕಾಲದಲ್ಲಿ, ಅಂದರೆ 1863ರಲ್ಲಿ, ಚೋಷು ಸಂಸ್ಥಾನದ ಐವರು ತರುಣರು ಗುಟ್ಟಾಗಿ ಹಡಗನ್ನೇರಿ ಲಂಡನ್ನಿಗೆ ಹೋದರು. ಮುಂದೆ ಜಪಾನಿನ ಪ್ರಥಮ ಪ್ರಧಾನಿಯಾದ ಇಟೊ ಹಿರೊಬುಮಿ, ರೈಲ್ವೆಯ ನಿರ್ಮಾಪಕರೆನಿಸಿದ ಇನೊಯುಎ ಮಸಾರು, ಯಮಾವೊ ಯೋಜೋ ಇವರಲ್ಲಿ ಸೇರಿದ್ದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ರಸಾಯನ ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅಲೆಗ್ಸಾಂಡರ್ ವಿಲಿಯಮ್ಸನ್ ಅವರು ಈ ತರುಣರಿಗೆ ಆಶ್ರಯವಿತ್ತರು. ಯಮಾವೊ ಅಷ್ಟಕ್ಕೇ ತೃಪ್ತರಾಗಲಿಲ್ಲ. ಅವರು ಗ್ಲಾಸ್ಗೋ ನಗರಕ್ಕೆ ಹೋಗಿ, ಹಗಲು ನೇಪಿಯರ್ ಅವರ ಹಡಗುಕಟ್ಟೆಯಲ್ಲಿ ಕೆಲಸಮಾಡುತ್ತ, ಸಂಜೆ ಆಂಡರ್ಸನ್ ಕಾಲೇಜಿನ ತರಗತಿಗಳಲ್ಲಿ ಓದಿದರು. ಕೈಗೆ ಕೆಲಸ, ಕಿವಿಗೆ ಪರಭಾಷೆಯ ಪಾಠ ಎಂಬ ಈ ಅನುಭವವೇ ಮುಂದೆ ಒಂದು ವಿದ್ಯಾಸಂಸ್ಥೆಯ ಬುನಾದಿಯಾಯಿತು.

1868ರ ರಾಜಕೀಯ ಪರಿವರ್ತನೆಯ ತರುವಾಯ ಸ್ವದೇಶಕ್ಕೆ ಮರಳಿದ ಯಮಾವೊ, ಹೊಸ ಸರ್ಕಾರದ ಲೋಕೋಪಯೋಗಿ ಸಚಿವಾಲಯದಲ್ಲಿ ಎಂಜಿನಿಯರಿಂಗ್ ಶಾಲೆಯೊಂದರ ಸ್ಥಾಪನೆಗಾಗಿ ಶ್ರಮಿಸಿದರು. ಕೈಗಾರಿಕೆಯೇ ಇಲ್ಲದ ನಾಡಿನಲ್ಲಿ ಎಂಜಿನಿಯರುಗಳನ್ನು ತಯಾರುಮಾಡಿ ಪ್ರಯೋಜನವೇನೆಂಬ ಆಕ್ಷೇಪಣೆ ಬಂದಾಗ, ಮೊದಲು ಜನರನ್ನು ತಯಾರುಮಾಡಿದರೆ ಅವರೇ ಕೈಗಾರಿಕೆಯನ್ನು ಹುಟ್ಟಿಸುವರೆಂದು ಅವರು ಉತ್ತರವಿತ್ತರೆಂದು ಪ್ರತೀತಿಯಿದೆ. 1873ರಲ್ಲಿ ಟೋಕಿಯೋದಲ್ಲಿ ಪಾಠಗಳು ಆರಂಭವಾದ ಈ ಶಾಲೆ 1877ರಲ್ಲಿ 'ಕೋಬು ದೈಗಕ್ಕೋ' ಎಂಬ ಹೆಸರನ್ನು ಪಡೆಯಿತು. ಅದರ ಮೊದಲ ಪ್ರಿನ್ಸಿಪಾಲರು ಹೆನ್ರಿ ಡೈಯರ್. ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ರಾಂಕಿನ್ ಅವರ ಶಿಷ್ಯರಾಗಿದ್ದ ಡೈಯರ್ ಅವರಿಗೆ ಆಗ ಇಪ್ಪತ್ತೈದು ವರ್ಷವೂ ತುಂಬಿರಲಿಲ್ಲ. ಯಮಾವೊ ಓದಿದ ಸಂಜೆಯ ತರಗತಿಗಳಲ್ಲಿಯೇ ಡೈಯರ್ ಕೂಡ ಓದಿದ್ದರೆಂಬುದು ಒಂದು ಸ್ವಾರಸ್ಯಕರವಾದ ಸಂಗತಿ.

ಜಪಾನಿಗೆ ಬರುವ ಹಡಗಿನಲ್ಲಿಯೇ ಡೈಯರ್ ಶಾಲೆಯ ಪಾಠಕ್ರಮವನ್ನು ರೂಪಿಸಿದರು. ವ್ಯಾಸಂಗದ ಅವಧಿ ಆರು ವರ್ಷ. ಮೊದಲ ಎರಡು ವರ್ಷ ಸಾಮಾನ್ಯ ವಿದ್ಯೆ ಮತ್ತು ಮೂಲವಿಜ್ಞಾನ. ನಡುವಣ ಎರಡು ವರ್ಷ ವೃತ್ತಿಗೆ ಸಂಬಂಧಿಸಿದ ಶಾಸ್ತ್ರ. ಕೊನೆಯ ಎರಡು ವರ್ಷ ಪ್ರಾಯೋಗಿಕ ಶಿಕ್ಷಣ. ಪ್ರಾಧ್ಯಾಪಕರಲ್ಲಿ ಬಹುಮಂದಿ ಬ್ರಿಟಿಷರಾದುದರಿಂದ ಬೋಧನ ಭಾಷೆ ಇಂಗ್ಲಿಷೇ ಆಯಿತು. ಏರ್ಟನ್ ಮತ್ತು ಪೆರಿ, ರಸಾಯನ ಶಾಸ್ತ್ರದ ಡೈವರ್ಸ್, ಗಣಿವಿದ್ಯೆಯನ್ನು ಬೋಧಿಸುತ್ತ ಭೂಕಂಪಶಾಸ್ತ್ರಕ್ಕೆ ತಳಹದಿಯನ್ನು ಹಾಕಿದ ಜಾನ್ ಮಿಲ್ನ್, ವಾಸ್ತುಶಿಲ್ಪದ ಕಾಂಡರ್ ಮೊದಲಾದವರು ಅಲ್ಲಿ ಪಾಠ ಹೇಳಿದರು. ಇವರ ಉಪನ್ಯಾಸವನ್ನು ಅನುಸರಿಸಬೇಕಾಗಿದ್ದ ವಿದ್ಯಾರ್ಥಿಗಳಾದರೋ ಬಹುಮಟ್ಟಿಗೆ ಹಳೆಯ ಸಮುರಾಯಿ ಮನೆತನಗಳ ಹುಡುಗರು. ಚೀನೀ ಗ್ರಂಥಗಳ ಪಾರಾಯಣದಲ್ಲಿ ಬೆಳೆದವರು.

ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಕೋಬು ದೈಗಕ್ಕೋದ ವಿದ್ಯಾರ್ಥಿಯು ತನ್ನ ದೇಶದಲ್ಲಿಯೇ ವಿದೇಶೀ ವಿದ್ಯಾರ್ಥಿಯಾಗಿದ್ದನು. ಪ್ರವೇಶ ಪರೀಕ್ಷೆಯಲ್ಲಿ ಗಣಿತದೊಡನೆ ಇಂಗ್ಲಿಷ್ ಓದುಬರಹವನ್ನೂ ಪರೀಕ್ಷಿಸುತ್ತಿದ್ದರು. ಒಳಗೆ ಬಂದಮೇಲೆ ಇಂಗ್ಲಿಷ್ ಎಂಬುದು ಒಂದು ಪಠ್ಯವಿಷಯ ಮಾತ್ರವಾಗಿರದೆ ಎಲ್ಲ ವಿಷಯಗಳಿಗೂ ಬಾಗಿಲಾಗಿತ್ತು. ಅದಕ್ಕೆ ಪ್ರತ್ಯೇಕ ಅಧ್ಯಾಪಕರಿದ್ದರು. ಅವರಲ್ಲಿ ಜೇಮ್ಸ್ ಮೇನ್ ಡಿಕ್ಸನ್ ಅವರ ಹೆಸರು ಸ್ಮರಣೀಯವಾದುದು. ಪದಗಳ ಅರ್ಥ ತಿಳಿದಿದ್ದರೂ ಪದಪುಂಜದ ಅರ್ಥ ಕೈಗೆ ಸಿಕ್ಕುವುದಿಲ್ಲವೆಂಬುದು ಪರಭಾಷೆಯನ್ನು ಕಲಿಯುವವರೆಲ್ಲರ ಅನುಭವ. ಕನ್ನಡದಲ್ಲಿ 'ಕೈಕೊಟ್ಟನು' ಎಂಬುದನ್ನು ಕೇಳಿದ ಅನ್ಯಭಾಷಿಕನು ಕೈಯನ್ನೂ ಬಲ್ಲನು, ಕೊಡುವುದನ್ನೂ ಬಲ್ಲನು, ಆದರೆ ಮೋಸವನ್ನು ಕಾಣಲಾರನು. ಈ ತೊಡಕನ್ನು ತರಗತಿಯಲ್ಲಿ ಕಂಡ ಡಿಕ್ಸನ್, ಜಪಾನೀ ವಿದ್ಯಾರ್ಥಿಗಳಿಗಾಗಿಯೇ ಇಂಗ್ಲಿಷ್ ನುಡಿಗಟ್ಟುಗಳ ಕೋಶವೊಂದನ್ನು ರಚಿಸಿದರು. ಅದು 1887ರಲ್ಲಿ ಟೋಕಿಯೋದಲ್ಲಿ ಪ್ರಕಟವಾಯಿತು.

ಆದರೆ ಭಾಷೆಯ ತೊಡಕನ್ನು ನಿವಾರಿಸಿದುದು ಕೋಶ ವ್ಯಾಕರಣಗಳು ಮಾತ್ರವಲ್ಲ. ಡೈಯರ್ ಅವರ ಯೋಜನೆಯಲ್ಲಿ ಪ್ರಯೋಗಶಾಲೆಗೂ ಸಚಿವಾಲಯದ ಅಕಬಾನೆ ಕಾರ್ಖಾನೆಗೂ ತರಗತಿಯಷ್ಟೇ ಸ್ಥಾನವಿದ್ದಿತು. ತರಗತಿಯಲ್ಲಿ ಕೇಳಿದ ಶಬ್ದಕ್ಕೆ ಕಾರ್ಖಾನೆಯಲ್ಲಿ ವಸ್ತು ದೊರೆಯುತ್ತಿತ್ತು. ಕವಾಟವೆಂದರೇನೆಂಬುದನ್ನು ವಾಕ್ಯದಿಂದ ತಿಳಿಯಲಾರದವನು ಅದನ್ನು ಕೈಯಲ್ಲಿ ಹಿಡಿದು ತಿಳಿಯುತ್ತಿದ್ದನು. ಪದ, ಚಿತ್ರ, ಯಂತ್ರ ಈ ಮೂರೂ ಒಂದೇ ಅರ್ಥವನ್ನು ಹೇಳುವ ಅನುಕೂಲ ಎಂಜಿನಿಯರಿಂಗ್ ವಿದ್ಯೆಗೆ ಇದೆ. ತತ್ತ್ವಶಾಸ್ತ್ರಕ್ಕೋ ನ್ಯಾಯಶಾಸ್ತ್ರಕ್ಕೋ ಇಲ್ಲ. ಭಾಷೆಯನ್ನೂ ಶಾಸ್ತ್ರವನ್ನೂ ಬೇರೆ ಬೇರೆಯಾಗಿ ಕಲಿಸದೆ ಒಂದರ ಮೂಲಕ ಇನ್ನೊಂದನ್ನು ಕಲಿಸಿದುದೇ ಆ ಶಾಲೆಯ ಯಶಸ್ಸಿಗೆ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ.

ವ್ಯಾಸಂಗದ ಕೊನೆಯಲ್ಲಿ ವಿದ್ಯಾರ್ಥಿಯು ಇಂಗ್ಲಿಷಿನಲ್ಲಿ ಒಂದು ಪ್ರಬಂಧವನ್ನು ಬರೆಯಬೇಕಾಗಿತ್ತು. ಇದೇ ನಿಜವಾದ ಅಗ್ನಿಪರೀಕ್ಷೆ. ತನಬೆ ಸಾಕುರೊ ಎಂಬ ವಿದ್ಯಾರ್ಥಿಯು ಬಿವಾ ಸರೋವರದ ನೀರನ್ನು ಕ್ಯೋಟೋ ನಗರಕ್ಕೆ ತರುವ ಕಾಲುವೆಯನ್ನು ವಿಷಯವಾಗಿ ಆರಿಸಿಕೊಂಡನು. ಬಲಗೈಗೆ ಗಾಯವಾಗಿದ್ದುದರಿಂದ ಎಡಗೈಯಿಂದಲೇ ಬರೆದು, ನಕ್ಷೆಗಳನ್ನೂ ರಚಿಸಿ, 1883ರಲ್ಲಿ ಪದವಿ ಪಡೆದನು. ಕ್ಯೋಟೋದ ಗವರ್ನರು ಆ ತರುಣನಿಗೇ ಕೆಲಸವನ್ನು ವಹಿಸಿದರು. 1890ರಲ್ಲಿ ಕಾಲುವೆ ಪೂರ್ಣವಾಯಿತು. ಮರುವರ್ಷ ಅದರ ನೀರಿನಿಂದ ವಿದ್ಯುತ್ತೂ ಉತ್ಪನ್ನವಾಯಿತು. ಈ ಕಾಲುವೆಯನ್ನು ಕುರಿತು ತನಬೆಯವರು ಬರೆದ ಇಂಗ್ಲಿಷ್ ಲೇಖನಕ್ಕೆ ಲಂಡನ್ನಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆಯು 1894ರಲ್ಲಿ ಟೆಲ್‌ಫರ್ಡ್ ಪದಕವನ್ನಿತ್ತು ಗೌರವಿಸಿತು. ವಿದ್ಯಾರ್ಥಿದಶೆಯಲ್ಲಿ ಕಲಿತ ಪ್ರಬಂಧರಚನೆ ಒಂದು ನಗರದ ಬಾಯಾರಿಕೆಯನ್ನೂ ಒಬ್ಬ ಎಂಜಿನಿಯರನ ಕೀರ್ತಿಯನ್ನೂ ಮುಟ್ಟಿದ ಬಗೆ ಇದು.

1879ರಲ್ಲಿ ಹೊರಬಂದ ಪ್ರಥಮ ತಂಡದ 23 ಪದವೀಧರರಲ್ಲಿ 11 ಮಂದಿಯನ್ನು ಸರ್ಕಾರವು ಬ್ರಿಟನ್ನಿಗೆ ಕಳುಹಿಸಿತು. ಷಿದ ರಿನ್‌ಜಾಬುರೊ ಗ್ಲಾಸ್ಗೋದಲ್ಲಿ ವಿಲಿಯಂ ಥಾಮ್ಸನ್ ಅವರ ಬಳಿ ಅಭ್ಯಾಸಮಾಡಿದರು. ಅದೇ ತಂಡದ ತಕಮಿನೆ ಜೋಕಿಚಿಯವರು ಮುಂದೆ ಅಡ್ರಿನಲಿನ್ ದ್ರವ್ಯವನ್ನು ಬೇರ್ಪಡಿಸಿ ಲೋಕವಿಖ್ಯಾತರಾದರು. ತನಬೆಯವರ ಸಹಪಾಠಿ ವತನಬೆ ಕಾಯಿಚಿಯವರು ಗ್ಲಾಸ್ಗೋ ಪದವಿಯನ್ನು ಪಡೆದು ಸ್ಕಾಟ್ಲೆಂಡಿನ ಫೋರ್ತ್ ಸೇತುವೆಯ ಕಾರ್ಯದಲ್ಲಿ ಸೇರಿದರು. ಆ ಸೇತುವೆಯ ತತ್ತ್ವವನ್ನು ಸಾಮಾನ್ಯರಿಗೆ ತಿಳಿಸಲೆಂದು 1887ರಲ್ಲಿ ತೆಗೆದ ಪ್ರಸಿದ್ಧ ಛಾಯಾಚಿತ್ರದಲ್ಲಿ, ಕೈಚಾಚಿ ಕುಳಿತ ಇಬ್ಬರು ಬ್ರಿಟಿಷರ ನಡುವೆ ಭಾರದ ಸ್ಥಾನದಲ್ಲಿ ಕುಳಿತಿರುವವರು ವತನಬೆಯವರೇ.

ಗೆದ್ದವರ ಕಥೆಯೊಂದೇ ಚರಿತ್ರೆಯಾಗದು. ಸಾಯಿತೊ ಹಿದೆಸಾಬುರೊ ಎಂಬ ವಿದ್ಯಾರ್ಥಿಯು ಈ ಶಾಲೆಯ ವ್ಯಾಸಂಗವನ್ನು ಪೂರೈಸದೆಯೇ ಹೊರಟುಹೋದನು. ಎಂಜಿನಿಯರಿಂಗ್ ಅವನಿಗೆ ಒಲಿಯಲಿಲ್ಲ. ಡಿಕ್ಸನ್ ಅವರು ಕಲಿಸಿದ ಇಂಗ್ಲಿಷ್ ಒಲಿಯಿತು. ಆತನೇ ಮುಂದೆ 1896ರಲ್ಲಿ ಟೋಕಿಯೋದಲ್ಲಿ ಇಂಗ್ಲಿಷ್ ಶಾಲೆಯನ್ನು ಸ್ಥಾಪಿಸಿ, ವ್ಯಾಕರಣ ಕೋಶಗಳನ್ನು ರಚಿಸಿ, ಒಂದು ಪೀಳಿಗೆಯ ಜಪಾನೀಯರಿಗೆ ಇಂಗ್ಲಿಷ್ ಗುರುವಾದನು. ಸೋತ ವಿದ್ಯಾರ್ಥಿಯೆಂದು ಯಾವ ಅಧ್ಯಾಪಕರೂ ಅವಸರದಿಂದ ತೀರ್ಮಾನಿಸಬಾರದೆಂಬುದಕ್ಕೆ ಇದೊಂದು ನಿದರ್ಶನ.

ಈ ವ್ಯವಸ್ಥೆಗೆ ಮಿತಿಗಳೂ ಇದ್ದವು. 1886ರಲ್ಲಿ ಕೋಬು ದೈಗಕ್ಕೋ ಇಂಪೀರಿಯಲ್ ವಿಶ್ವವಿದ್ಯಾನಿಲಯದಲ್ಲಿ ವಿಲೀನವಾಗುವವರೆಗೆ ಅಲ್ಲಿಂದ ಪದವಿ ಪಡೆದವರ ಸಂಖ್ಯೆ 211 ಮಾತ್ರ. ಇಂಗ್ಲಿಷಿನ ಬಾಗಿಲು ಇಕ್ಕಟ್ಟಾದುದು. ಅದರ ಮೂಲಕ ಒಂದು ರಾಷ್ಟ್ರವೇ ನುಗ್ಗಲಾರದು. ಇದನ್ನು ಮೊದಲು ಮನಗಂಡವರು ಆ ಬಾಗಿಲಿನಿಂದ ಒಳಹೊಕ್ಕಿದ್ದವರೇ ಎಂಬುದು ಗಮನಾರ್ಹ. ಪ್ರಥಮ ತಂಡದ ಪದವೀಧರರು 1879ರಲ್ಲಿಯೇ ಎಂಜಿನಿಯರಿಂಗ್ ಸಂಘವೊಂದನ್ನು ಕಟ್ಟಿಕೊಂಡರು. 1886ರಲ್ಲಿ ಎಂಜಿನಿಯರಿಂಗ್ ಪಾರಿಭಾಷಿಕ ಶಬ್ದಗಳ ಇಂಗ್ಲಿಷ್-ಜಪಾನೀ ಕೋಶವು ಪ್ರಕಟವಾಯಿತು. ಕನ್ನಡವು ಸಂಸ್ಕೃತ ಧಾತುಗಳಿಂದ ಹೊಸ ಪದಗಳನ್ನು ಕಟ್ಟಿಕೊಳ್ಳುವಂತೆ ಜಪಾನೀಯರು ಚೀನೀ ಅಕ್ಷರಗಳಿಂದ ಪದಗಳನ್ನು ಕಟ್ಟಿಕೊಂಡರು. ಕ್ರಮೇಣ ಜಪಾನೀ ಪ್ರಾಧ್ಯಾಪಕರು ವಿದೇಶೀಯರ ಪೀಠಗಳಲ್ಲಿ ಕುಳಿತು ಜಪಾನೀ ಭಾಷೆಯಲ್ಲಿಯೇ ಪಾಠ ಹೇಳತೊಡಗಿದರು. ಇಂಗ್ಲಿಷ್ ಮರೆಯಾಗಲಿಲ್ಲ, ಬೋಧನ ಭಾಷೆಯ ಸ್ಥಾನದಿಂದ ಇಳಿದು ಪರಾಮರ್ಶನ ಭಾಷೆಯ ಸ್ಥಾನದಲ್ಲಿ ನಿಂತಿತು.

ಗ್ಲಾಸ್ಗೋ ಕೂಡ ಪಾಠ ಕಲಿಯಿತು. ಅಲ್ಲಿನ ಪ್ರವೇಶ ಪರೀಕ್ಷೆಗೆ ಬೇಕಾಗಿದ್ದ ಭಾಷೆಗಳಲ್ಲಿ ಜಪಾನೀ ಭಾಷೆಯನ್ನೂ ಸ್ವೀಕರಿಸಲು ವಿಶ್ವವಿದ್ಯಾನಿಲಯವು 1901ರಲ್ಲಿ ಒಪ್ಪಿತು. ಪರೀಕ್ಷಕರಾಗಿ ನೇಮಕಗೊಂಡವರು ಆಗ ಲಂಡನ್ನಿನಲ್ಲಿದ್ದ, ಮುಂದೆ ಮಹಾಕಾದಂಬರಿಕಾರರೆನಿಸಿದ ನತ್ಸುಮೆ ಸೋಸೆಕಿಯವರು. ಟೋಕಿಯೋದಲ್ಲಿ ಡಿಕ್ಸನ್ ಅವರ ಶಿಷ್ಯರಾಗಿದ್ದವರು. ಜಪಾನೀ ವಿದ್ಯಾರ್ಥಿಗಳ ಇಂಗ್ಲಿಷ್ ಮಟ್ಟ ಇಳಿಯುತ್ತಿದೆಯೆಂಬ ದೂರು ಎದ್ದಾಗ, ಅದು ಜಪಾನೀ ಶಿಕ್ಷಣ ಸರಿಯಾದ ದಾರಿಯಲ್ಲಿ ಬೆಳೆದುದರ ಸಹಜ ಫಲವೆಂದು 1911ರಲ್ಲಿ ವಾದಿಸಿದವರೂ ಅವರೇ.

ಈ ಚರಿತ್ರೆ ಕನ್ನಡಿಗರಿಗೆ ದೂರದ್ದೇನೂ ಅಲ್ಲ. 1898ರಲ್ಲಿ ಜಪಾನನ್ನು ಸಂದರ್ಶಿಸಿದ ವಿಶ್ವೇಶ್ವರಯ್ಯನವರು ಅಲ್ಲಿಯ ಶಿಕ್ಷಣ ಮತ್ತು ಕೈಗಾರಿಕೆಗಳ ಪ್ರಗತಿಯನ್ನು ಕಣ್ಣಾರೆ ಕಂಡರು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿ ಹೊರಬಂದಿತು. ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಬೋಧನೆಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಲಿಯು ಅನುಮತಿಯಿತ್ತುದು 2021ರಲ್ಲಿ. ಕನ್ನಡ ಮಾಧ್ಯಮದಿಂದ ಬಂದು ಎಂಜಿನಿಯರಿಂಗ್ ತರಗತಿಯಲ್ಲಿ ಮೊದಲ ದಿನ ಕುಳಿತ ಹುಡುಗನೂ ತನ್ನ ಊರಿನಲ್ಲಿಯೇ ವಿದೇಶೀ ವಿದ್ಯಾರ್ಥಿಯಾಗುತ್ತಾನೆ. 'ಕೊಳವೆಗೆ ನೀರು ಬಿಟ್ಟು ಒತ್ತಡವನ್ನು ಅಳೆದೆವು' ಎಂದು ಸಹಜವಾಗಿ ಹೇಳಬಲ್ಲವನು, ವರದಿಯ ಇಂಗ್ಲಿಷಿಗೆ ಬೇಕಾದ ಕರ್ಮಣಿ ಪ್ರಯೋಗದ ಮುಂದೆ ತಡವರಿಸುತ್ತಾನೆ. ಅವನ ಮೌನವನ್ನು ನಾವು ಅನೇಕ ವೇಳೆ ಮಂದಬುದ್ಧಿಯೆಂದು ಎಣಿಸುತ್ತೇವೆ.

ಕೋಬು ದೈಗಕ್ಕೋದ ಚರಿತ್ರೆಯಿಂದ ಎರಡು ಮಾತುಗಳು ಸ್ಪಷ್ಟವಾಗುತ್ತವೆ. ಪರಭಾಷೆಯಲ್ಲಿ ಕಲಿಯಬೇಕಾದಾಗ ಆ ಭಾಷೆಯನ್ನು ಕಲಿಸುವ ಹೊಣೆ ವಿದ್ಯಾರ್ಥಿಯದು ಮಾತ್ರವಲ್ಲ, ವಿದ್ಯಾಲಯದ್ದೂ ಹೌದು. ಮತ್ತು ಆ ಬೋಧನೆ ಪ್ರಯೋಗಶಾಲೆಯ ಪಕ್ಕದಲ್ಲಿ, ಶಾಸ್ತ್ರದ ಕೈಹಿಡಿದು ನಡೆಯಬೇಕು. ಎರಡನೆಯದಾಗಿ, ಪರಭಾಷೆಯಿಂದ ಪಡೆದ ವಿದ್ಯೆಯನ್ನು ತನ್ನ ನುಡಿಗೆ ತಂದು ಹಿಂದೆ ಬರುವವರ ದಾರಿಯನ್ನು ಅಗಲಮಾಡಿದಾಗಲೇ ಕಲಿತವನ ಋಣ ತೀರುತ್ತದೆ. ಜಪಾನೀಯರು ಈ ಎರಡು ಕೆಲಸಗಳನ್ನೂ ಒಂದೇ ತಲೆಮಾರಿನಲ್ಲಿ ಕೈಗೊಂಡರು. ನಮ್ಮಲ್ಲಿ ಮೊದಲನೆಯದು ಅರ್ಧಕ್ಕೆ ನಿಂತಿದೆ. ಎರಡನೆಯದು ಇನ್ನೂ ಬಹುಮಟ್ಟಿಗೆ ಆಗಬೇಕಾಗಿದೆ.