ಗಂಜೀಫಾ

ಗಂಜೀಫಾ ಎಂಬುದು ಕೈಯಿಂದ ಚಿತ್ರಿಸಿದ ಎಲೆಗಳ ಆಟ. ಆ ಎಲೆಗಳಿಗೂ ಇದೇ ಹೆಸರು. ಪರ್ಷಿಯಾದ ಮೂಲಕ ಬಂದ ಈ ಆಟ ಭಾರತದಲ್ಲಿ ಮೊಗಲರ ಕಾಲದಲ್ಲಿ ಪ್ರಚಾರ ಪಡೆಯಿತು. ಬಾಬರನು 1527ರಲ್ಲಿ ಸಿಂಧ್‌ನ ಶಾ ಹಸನನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದ ಸಂಗತಿ ಆತನ ಆತ್ಮಚರಿತ್ರೆಯಲ್ಲಿದೆ. ಅಬುಲ್ ಫಜಲನ ಐನ್-ಇ-ಅಕ್ಬರಿಯು 12 ರಂಗುಗಳ, 144 ಎಲೆಗಳ ಕಟ್ಟನ್ನು ವರ್ಣಿಸುತ್ತದೆ.

ಎಲೆಗಳು ಮತ್ತು ಆಟ

ಭಾರತೀಯ ಗಂಜೀಫಾ ಎಲೆಗಳು ಹೆಚ್ಚಾಗಿ ದುಂಡಗಿರುತ್ತವೆ. ಅರಮನೆಗಳಿಗಾಗಿ ಆನೆದಂತ, ಆಮೆಚಿಪ್ಪುಗಳಲ್ಲಿಯೂ ಜನಸಾಮಾನ್ಯರಿಗಾಗಿ ಅಂಟಿನಿಂದ ಗಟ್ಟಿಗೊಳಿಸಿದ ಬಟ್ಟೆ ಅಥವಾ ಕಾಗದದ ಮೇಲೆಯೂ ಇವುಗಳನ್ನು ಬರೆದು ಅರಗಿನ ಮೆರುಗು ಕೊಡಲಾಗುತ್ತಿತ್ತು.

ಮೊಗಲ್ ಗಂಜೀಫಾದಲ್ಲಿ 8 ರಂಗುಗಳೂ 96 ಎಲೆಗಳೂ ಇವೆ. ದಶಾವತಾರ ಗಂಜೀಫಾದಲ್ಲಿ ವಿಷ್ಣುವಿನ ಒಂದೊಂದು ಅವತಾರಕ್ಕೆ ಒಂದು ರಂಗಿನಂತೆ 10 ರಂಗುಗಳು, ಒಟ್ಟು 120 ಎಲೆಗಳು. ಪ್ರತಿ ರಂಗಿನಲ್ಲಿ ರಾಜ, ಮಂತ್ರಿ ಮತ್ತು ಒಂದರಿಂದ ಹತ್ತರವರೆಗಿನ ಎಲೆಗಳಿರುತ್ತವೆ. ಅಂಕಿಯನ್ನು ಬರೆಯುವುದಿಲ್ಲ, ಮತ್ಸ್ಯಕ್ಕೆ ಮೀನು, ಪರಶುರಾಮನಿಗೆ ಕೊಡಲಿ ಎಂಬಂತೆ ಚಿಹ್ನೆಗಳನ್ನೇ ಎಣಿಸಬೇಕು.

ಸಾಮಾನ್ಯವಾಗಿ ಮೂವರು ಆಡುತ್ತಾರೆ. ದಶಾವತಾರದಲ್ಲಿ ತಲಾ 40 ಎಲೆ. ತುರುಪು ಇಲ್ಲ. ಅರ್ಧದಷ್ಟು ರಂಗುಗಳಲ್ಲಿ ಮಂತ್ರಿಯ ನಂತರ ಹತ್ತು ಹೆಚ್ಚಿನದು, ಉಳಿದ ಅರ್ಧದಲ್ಲಿ ಈ ಕ್ರಮ ತಲೆಕೆಳಗಾಗಿ ಒಂದು ಹೆಚ್ಚಿನದಾಗುತ್ತದೆ. ಯಾವ ರಂಗಿನಲ್ಲಿ ಯಾವ ದೊಡ್ಡ ಎಲೆ ಬಿದ್ದಿದೆ, ಯಾವುದು ಇನ್ನೂ ಎದುರಾಳಿಯ ಕೈಯಲ್ಲಿದೆ ಎಂಬುದನ್ನು ನೆನಪಿಡುವುದೇ ಆಟದ ತಿರುಳು. ಅದೃಷ್ಟಕ್ಕಿಂತ ಜ್ಞಾಪಕಶಕ್ತಿಗೆ ಇಲ್ಲಿ ಬೆಲೆ ಹೆಚ್ಚು.

ಮೈಸೂರು ಗಂಜೀಫಾ

ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಟಗಳಲ್ಲಿ ಅಪಾರ ಆಸಕ್ತಿಯುಳ್ಳವರಾಗಿದ್ದರು. ಅವರ ಹೆಸರಿನಲ್ಲಿರುವ ಶ್ರೀತತ್ತ್ವನಿಧಿಯ ಕೊನೆಯ ಭಾಗವಾದ ಕೌತುಕನಿಧಿಯಲ್ಲಿ ಗಂಜೀಫಾ ವಿವರಗಳಿವೆ. ಅವರ ಕಾಲದಲ್ಲಿ ರೂಪುಗೊಂಡ ‘ಛದ’ ಎಂಬ ಬಗೆಯ ಕೆಲವು ಕಟ್ಟುಗಳಲ್ಲಿ 18 ರಂಗುಗಳೂ 360ರಷ್ಟು ಎಲೆಗಳೂ ಇದ್ದು, ದಶಾವತಾರದಲ್ಲಿಲ್ಲದ ತುರುಪಿನ ಎಲೆಗಳೂ ಸೇರಿದ್ದವು. ಇಷ್ಟು ತೊಡಕಿನ ಆಟ ಅರಮನೆಯ ಹೊರಗೆ ಹರಡದಿದ್ದುದು ಸಹಜ.

ಅವನತಿ ಮತ್ತು ಸಂಗ್ರಹ

ಅಗ್ಗದ ಮುದ್ರಿತ ಇಸ್ಪೀಟು ಎಲೆಗಳು ಬಂದ ಮೇಲೆ ಗಂಜೀಫಾ ಹಿಂದೆ ಸರಿಯಿತು. ಮಹಾರಾಷ್ಟ್ರದ ಸಾವಂತವಾಡಿ, ಪಶ್ಚಿಮ ಬಂಗಾಳದ ವಿಷ್ಣುಪುರ ಹಾಗೂ ಒಡಿಶಾದ ರಘುರಾಜಪುರಗಳಲ್ಲಿ ಎಲೆ ತಯಾರಿಕೆ ಉಳಿದುಕೊಂಡಿದೆ. ಕರ್ನಾಟಕದಲ್ಲಿ ಶ್ರೀರಂಗಪಟ್ಟಣದ ಕಲಾವಿದ ಗಂಜೀಫಾ ರಘುಪತಿ ಭಟ್ಟರು ಈ ಕಲೆಯ ಪುನರುಜ್ಜೀವನಕ್ಕೆ ಶ್ರಮಿಸಿದರು. ಮೈಸೂರು ಗಂಜೀಫಾ ಎಲೆಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ.

ಸಂಗ್ರಾಹಕ ರುಡಾಲ್ಫ್ ಫಾನ್ ಲೇಡನ್ ಅವರು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದ ಗಂಜೀಫಾ ಎಲೆಗಳ ಪಟ್ಟಿಯನ್ನು 1982ರಲ್ಲಿ ಪ್ರಕಟಿಸಿದರು. ಕೈಬರಹದ ಕಟ್ಟಿನಲ್ಲಿ ಒಂದೆಲೆ ಕಳೆದರೂ ಆಟಕ್ಕೆ ಅದು ಒದಗದು; ಆದರೆ ಚಿತ್ರಕಲೆಯಾಗಿ ಬಿಡಿ ಎಲೆಗೂ ಬೇಡಿಕೆಯಿದೆ. ಇಂದು ತಯಾರಾಗುವ ಎಲೆಗಳಲ್ಲಿ ಬಹುಪಾಲು ಆಟಗಾರರ ಕೈ ಸೇರದೆ ಗೋಡೆಯ ಚೌಕಟ್ಟುಗಳನ್ನು ಸೇರುತ್ತಿವೆ.