ದ್ರಖ್ಮೆಯಿಂದ ದ್ರಮ್ಮದವರೆಗೆ

ಇಂಗ್ಲಿಷಿನಲ್ಲಿ ಸಿರಿಸಂಪತ್ತನ್ನು ಕುರಿತ ಹಲವು ಪದಗಳ ಬೇರು ಗ್ರೀಕ್ ಭಾಷೆಯಲ್ಲಿದೆ. ಎಕಾನಮಿ ಹುಟ್ಟಿದ್ದು ಮನೆ ಎಂಬರ್ಥದ 'ಓಯ್ಕೊಸ್' ಪದದಿಂದ. ಅದರ ಮೂಲ ಅರ್ಥ ಮನೆವಾರ್ತೆಯ ನಿರ್ವಹಣೆ. ಧನಿಕರ ಆಳ್ವಿಕೆಯನ್ನು ಹೇಳುವ ಪ್ಲುಟಾಕ್ರಸಿಯಲ್ಲಿ ಸಿರಿ ಎಂಬರ್ಥದ 'ಪ್ಲೂಟೊಸ್' ಇದೆ. ಟ್ರೆಷರ್ ಪದದ ಮೂಲ 'ಥೆಸೌರೊಸ್', ಅಂದರೆ ಭಂಡಾರ. ನಮ್ಮ ನಾಡಿಗೆ ಇವು ಇಂಗ್ಲಿಷ್ ಶಿಕ್ಷಣದೊಂದಿಗೆ ಬಂದವು. ಆದರೆ ಗ್ರೀಕರ ಹಣದ ಪದವೊಂದು ಇಂಗ್ಲಿಷಿಗಿಂತ ಎಷ್ಟೋ ಶತಮಾನ ಮೊದಲೇ ದಖ್ಖನ್ನಿನ ಲೆಕ್ಕಕ್ಕೆ ಸೇರಿತ್ತು. ಅದು ದ್ರಖ್ಮೆ.

ದ್ರಖ್ಮೆ ಎಂದರೆ ಒಂದು ಹಿಡಿ. ಆರು ಒಬೊಲ್‌ಗಳು ಸೇರಿ ಒಂದು ದ್ರಖ್ಮೆ. ಭಾರತದ ವಾಯವ್ಯದಲ್ಲಿ ಆಳಿದ ಗ್ರೀಕ್ ಅರಸರು ಕ್ರಿ.ಪೂ. 2ನೇ ಶತಮಾನದಲ್ಲಿ ಈ ಬೆಳ್ಳಿ ನಾಣ್ಯವನ್ನು ಟಂಕಿಸಿದರು. ಸಂಸ್ಕೃತ, ಪ್ರಾಕೃತಗಳಲ್ಲಿ ಅದು ದ್ರಮ್ಮವಾಯಿತು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಕನ್ಹೇರಿ ಶಾಸನಗಳಲ್ಲಿ ದತ್ತಿಯ ಹಣವನ್ನು ದ್ರಮ್ಮಗಳಲ್ಲಿ ಹೇಳಿದೆ. ಕನ್ನಡ ಶಾಸನಗಳಲ್ಲಿ ಗದ್ಯಾಣ, ಪಣ, ಹಾಗ, ವೀಸಗಳ ಜೊತೆ ದ್ರಮ್ಮವೂ ಬರುತ್ತದೆ.

ಈ ಪದದ ಅತ್ಯುತ್ತಮ ಸಾಕ್ಷಿ 1150ರಲ್ಲಿ ರಚಿತವಾದ ಭಾಸ್ಕರಾಚಾರ್ಯನ ಗಣಿತಗ್ರಂಥ 'ಲೀಲಾವತಿ'. ಅವನ ಊರಾದ ವಿಜ್ಜಡವಿಡವೇ ವಿಜಯಪುರ ಎಂಬ ವಾದ ಬಹುಕಾಲದಿಂದ ಇದೆ. ಆದರೆ ಊರು ಸಹ್ಯಪರ್ವತದ ಆಶ್ರಯದಲ್ಲಿದೆ ಎಂದು ಅವನೇ ಹೇಳಿದ್ದಾನೆ. ಮೊಮ್ಮಗ ಚಂಗದೇವನ ಶಾಸನ ದೊರೆತಿರುವುದೂ ಖಾನ್‌ದೇಶದ ಪಾಟಣದಲ್ಲಿ. ಆದ್ದರಿಂದ ಊರು ಖಾನ್‌ದೇಶದ ಕಡೆಯದು ಎಂಬ ವಾದವೇ ಹೆಚ್ಚು ಗಟ್ಟಿ. ಆದರೂ ಸೇವುಣ ಅರಸರ ಆಳ್ವಿಕೆ ಮುಂದೆ ವಿಜಯಪುರ, ಖಾನ್‌ದೇಶ ಎರಡೂ ಸೀಮೆಗಳನ್ನು ಒಂದುಗೂಡಿಸಿತು.

ಗ್ರಂಥದ ಆರಂಭದಲ್ಲೇ ನಾಣ್ಯದ ಕೋಷ್ಟಕವಿದೆ: 20 ಕವಡೆಗೆ ಒಂದು ಕಾಕಿಣಿ, 4 ಕಾಕಿಣಿಗೆ ಒಂದು ಪಣ, 16 ಪಣಕ್ಕೆ ಒಂದು ದ್ರಮ್ಮ, 16 ದ್ರಮ್ಮಕ್ಕೆ ಒಂದು ನಿಷ್ಕ. ಹಾಗಾಗಿ ದ್ರಮ್ಮವೊಂದಕ್ಕೆ 1280 ಕವಡೆ. ಭಿನ್ನರಾಶಿಯ ಒಂದು ಲೆಕ್ಕದಲ್ಲಿ ಜಿಪುಣನೊಬ್ಬ ಭಿಕ್ಷುಕನಿಗೆ ದ್ರಮ್ಮದ ಅರ್ಧದ ಮೂರನೇ ಎರಡರ ಮುಕ್ಕಾಲಿನ ಐದನೇ ಒಂದರ ಹದಿನಾರನೇ ಒಂದರ ಕಾಲು ಭಾಗ ಕೊಡುತ್ತಾನೆ. ಬಿಡಿಸಿದರೆ ಉತ್ತರ ಒಂದೇ ಕವಡೆ! ಲೆಕ್ಕದ ಜೊತೆಗೆ ಮನುಷ್ಯಸ್ವಭಾವವನ್ನೂ ಕಲಿಸುವ ಈ ರೀತಿ ಮೆಚ್ಚತಕ್ಕದ್ದು.

ದ್ರಮ್ಮದಿಂದಲೇ ಬಂದ ದಾಮ್ ಮೊಗಲರ ತಾಮ್ರದ ನಾಣ್ಯಕ್ಕೆ ಹೆಸರಾಯಿತು. ಅಕ್ಬರನ ಕಾಲದಲ್ಲಿ ರೂಪಾಯಿಗೆ 40 ದಾಮ್. ಉರ್ದುವಿನಲ್ಲಿ ಇಂದಿಗೂ ದಾಮ್ ಎಂದರೆ ಬೆಲೆ. ಅದೇ ದ್ರಖ್ಮೆ ಪಾರಸಿಕರ ಮೂಲಕ ಅರಬರಲ್ಲಿ ದಿರ್ಹಂ ಆಯಿತು. ಗ್ರೀಸ್ ದೇಶದಲ್ಲಿ ದ್ರಖ್ಮೆಯ ಚಲಾವಣೆ ಯೂರೋ ನಾಣ್ಯ, ನೋಟುಗಳು ಬಂದ 2002ರಲ್ಲಿ ನಿಂತಿತು.