ಬೇನ್, ಟ್ರೆವರ್
(ಜ. 1991). ಅಮೆರಿಕದ ಸ್ಟಾಕ್ ಕಾರ್ ರೇಸ್ ಚಾಲಕ. ಟೆನೆಸಿ ರಾಜ್ಯದ ನಾಕ್ಸ್‌ವಿಲ್‌ನವ. 2011ರ ಡೇಟೋನಾ 500 ಸ್ಪರ್ಧೆಯನ್ನು ಗೆದ್ದಾಗ ಈತನಿಗೆ 20 ವರ್ಷ ತುಂಬಿ ಒಂದೇ ದಿನವಾಗಿತ್ತು. ಅದರ ಅತಿ ಕಿರಿಯ ವಿಜೇತನೆಂಬ ದಾಖಲೆ ಈತನದು. ಸ್ಟಾಕ್ ಕಾರ್ ಸ್ಪರ್ಧೆಗಳ ಸಂಸ್ಥೆ ನಾಸ್ಕಾರ್‌ನ ಅಗ್ರ ಸರಣಿಯಲ್ಲಿ ಅದು ಈತನ ಎರಡನೆಯ ಓಟವಷ್ಟೇ ಎಂಬುದು ಇನ್ನೂ ಬೆರಗಿನ ಸಂಗತಿ. ವುಡ್ ಬ್ರದರ್ಸ್ ತಂಡದ 21ನೇ ಸಂಖ್ಯೆಯ ಫೋರ್ಡ್ ಕಾರನ್ನು ಆಗ ಆಯ್ದ ಓಟಗಳಲ್ಲಿ ಮಾತ್ರ ಓಡಿಸುತ್ತಿದ್ದ. ಋತುವಿನ ಅಂಕಗಳಿಗೆ ಎರಡನೇ ದರ್ಜೆಯ ಸರಣಿಯನ್ನು ಆರಿಸಿಕೊಂಡಿದ್ದರಿಂದ ಆ ಮಹಾಗೆಲುವಿಗೆ ಒಂದು ಅಂಕವೂ ದಕ್ಕಲಿಲ್ಲ. 2013ರಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಇರುವುದು ತಿಳಿದರೂ ಧೈರ್ಯಗೆಡದೆ ಸ್ಪರ್ಧಿಸಿದ. 2015ರಿಂದ ರೌಶ್ ತಂಡದ ಪೂರ್ಣಾವಧಿ ಚಾಲಕನಾಗಿದ್ದ. 2018ರಲ್ಲಿ ಆ ತಂಡದ ಕಾರನ್ನು ಇನ್ನೊಬ್ಬ ಚಾಲಕ ಮ್ಯಾಟ್ ಕೆನ್ಸೆತ್ ಜೊತೆ ಹಂಚಿಕೊಳ್ಳಬೇಕಾಯಿತು. 2022ರಲ್ಲಿ ಜೋ ಗಿಬ್ಸ್ ತಂಡದ ಪರ ಎರಡನೇ ದರ್ಜೆಯ ಎಕ್ಸ್‌ಫಿನಿಟಿ ಸರಣಿಯ ಕೆಲವು ಓಟಗಳಲ್ಲಿ ಭಾಗವಹಿಸಿದ.